ಕುಂತವರ ಮೀಟಿಂಗು

“‘ತೂಕದ ಖೋಲ್ಯಾಗ ಅಂವ ಬಾಗಲಾ ಮುಚ್ಚತಾನ್ರಿ ಸಾಹೇಬ್ರ. ಒಲ್ಲೆ ಅಂದ್ರ ತೂಕ ಕಡಿಮಿ ಹಿಡೀತಾನ್ರಿ.’ ಆಹಾಹಾ! ಕೇಳಿದ್ರೇನಬೇ ಎಲ್ಲಾರೂ? ನಮ್ಮ ಸುಂದರಾಬಾಯಿ ಭಾಷಣಾ!”

ತಂಬಾಕಿನ ಚೀಲಗಳ ಒಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕುಳಿತು ಭರತ ಮೊಬೈಲು ನೋಡಿ ಓದುತ್ತಿದ್ದ. ಹೆಣ್ಣುದನಿ ಮಾಡಿ, ಮೂಗಿನಲ್ಲಿ ಅತ್ತಂತೆ ಮಾಡಿ ಓದುತ್ತಿದ್ದ. ಕೆಳಗೆ ಜರಡಿ ಹಿಡಿದಿದ್ದ ಹೆಂಗಸರ ಕೈಗಳು ಒಂದೊಂದಾಗಿ ನಿಂತವು. ಅವನು ನಿಪ್ಪಾಣಿಯ ಆ ತಂಬಾಕಿನ ವಖಾರದ ಮುಕಾದಮ. ಹಾಜರಿ ಅವನ ಕೈಯಲ್ಲಿ, ತೂಕ ಅವನ ಕೈಯಲ್ಲಿ. ಹೀಗಾಗಿ ಜರಡಿ ಹಿಡಿಯುವ ಹೆಂಗಸರೂ ತನ್ನ ಕೈಯಲ್ಲಿಯೇ ಎಂದು ತಿಳಿದ ಗಂಡಸು.

ಸುಂದರಾ ಜರಡಿಯನ್ನು ಮಡಿಲಿಗೆ ಎಳೆದುಕೊಂಡಳು. ಮಾತು ಅವಳದೇ, ಒಂದಕ್ಷರ ಆಚೀಚೆ ಇರಲಿಲ್ಲ. ಸೋಮವಾರ ಮಾಳಿಗೆಯ ಆಫೀಸಿನಲ್ಲಿ ಇಬ್ಬರ ಮುಂದೆ ಮಾತ್ರ ಆಡಿದ್ದು. ಪಕ್ಕದಲ್ಲೇ ಕುಳಿತು ಜರಡಿ ಹಿಡಿಯುವ ಸುಲ್ತಾನಬಿಗೂ ಅವಳು ಬಾಯಿ ಬಿಟ್ಟಿರಲಿಲ್ಲ.

ಅವತ್ತು ಮೇಲೆ ಹೋಗುವ ಮುಂಚೆ ಬೇವಿನ ಗಿಡದ ಕೆಳಗೆ ನಿಂತು ಸೀರೆ, ತಲೆಗೆ ಕಟ್ಟಿದ ಅರಿವಿ, ಕೂದಲು ಎಲ್ಲ ಝಾಡಿಸಿ ಧೂಳು ಉದುರಿಸಿಕೊಂಡಿದ್ದಳು. ಆಫೀಸಿಗೆ ಹೋಗುವ ಹೆಂಗಸರಿಗೆ ಅದು ಕಟ್ಟಳೆ. ಚಪ್ಪಲಿಯನ್ನು ಕೆಳಗಿನ ಮೆಟ್ಟಿಲಲ್ಲಿ ಬಿಟ್ಟು ಹೋದಳು, ಅದೂ ಕಟ್ಟಳೆ. ಮಾಲಕ ಬಾಪುಸಾಹೇಬ ತನ್ನ ಅಜ್ಜನ ಕಾಲದ ವಖಾರಕ್ಕೆ ಗಾಜಿನ ಬೋರ್ಡು ಬಡಿಸಿ ‘ಕಂಪನಿ’ ಎಂದು ಹೆಸರಿಟ್ಟು ಎರಡು ವರ್ಷವಾಗಿತ್ತು. ಕೆಳಗೆ ಜರಡಿ ಅದೇ, ಧೂಳು ಅದೇ, ಕೆಮ್ಮೂ ಅದೇ. ಮಾಳಿಗೆಯಲ್ಲಿ ಮಾತ್ರ ಎಸಿ ಬಂದಿತ್ತು, ಗಾಲಿ ಕುರ್ಚಿ ಬಂದಿದ್ದವು, ಆಫೀಸು ನೋಡಿಕೊಳ್ಳಲು ಸೋನಾಲಿ ಮೇಡಂ ಬಂದಿದ್ದಳು.

ಖಾಲಿ ಕುರ್ಚಿ ಆರೇಳು ಇದ್ದವು. “ಕುಂದ್ರಬ್ಯಾಡ, ಧೂಳ ಹತ್ತತೈತಿ. ಅಲ್ಲೇ ನಿಂದರ,” ಎಂದಿದ್ದ ಬಾಪುಸಾಹೇಬ.

ಸೋನಾಲಿ ತನ್ನ ಮೊಬೈಲನ್ನು ಮೇಜಿನ ನಡುವೆ ಇಟ್ಟು ಹೇಳಿದ್ದಳು: “ಇದರಾಗ ನಮ್ಮ ಕಂಪನಿ ಆಪ್ ಐತಿ. ಮಾತಾಡಿದ್ದನ್ನ ತಾನ ಬರಕೋತೈತಿ. ಎಲ್ಲಾ ಕಾನ್ಫಿಡೆನ್ಶಿಯಲ್. ಮೀಟಿಂಗಿನಾಗ ಇದ್ದವರಿಗೆ ಬಿಟ್ಟು ಮತ್ತೊಬ್ಬರಿಗೆ ಕಾಣಂಗಿಲ್ಲ. ಭಿಡೆ ಬಿಟ್ಟು ಹೇಳು.”

ಸುಂದರಾ ಭಿಡೆ ಬಿಟ್ಟು ಹೇಳಿದ್ದಳು. ಬಾಪುಸಾಹೇಬ ಚ್ಚು ಚ್ಚು ಎಂದಿದ್ದ. “ಘಾಬರಿ ಆಗಬ್ಯಾಡವಾ. ಅವನ್ನ ತೂಕದ ಖೋಲಿಯಿಂದ ತಗೀತೀನಿ. ಈ ಮಾತ ಈ ನಾಕ ಗ್ವಾಡಿ ದಾಟಂಗಿಲ್ಲ.” ಅವಳು ಆ ಮನುಷ್ಯನಿಗೆ ಕೈ ಮುಗಿದು, ನಿಮ್ಮ ಮಕ್ಕಳು ಮರಿ ತಣ್ಣಗಿರಲಿ ಎಂದು ಹರಸಿ ಬೇರೆ ಬಂದಿದ್ದಳು. ಅದು ನೆನಪಾಗಿ ಈಗ ತನ್ನ ನಾಲಿಗೆಯ ಮೇಲೆಯೇ ಹೇಸಿಗೆ ಬಂತು.

“ನಿನ್ನ ತಗೀತೀನಿ ಅಂದಾರಲ್ಲ ಸಾಹೇಬ್ರು,” ಎಂದಳು ಮೇಲೆ ನೋಡಿ. “ಅದನ್ನೂ ಓದು.”

“ಓದ್ತೀನಿ ತಡಿ. ಕಡೀ ಸಾಲ ಕೇಳು.” ಭರತ ಗಂಟಲು ಸರಿಮಾಡಿಕೊಂಡ. “‘ನಿರ್ಣಯ: ಸುಂದರಾ ಎಂಬವಳನ್ನು ಒಂದನೇ ತಾರೀಖಿನಿಂದ ಕೆಲಸದಿಂದ ಬಿಡಿಸುವುದು. ಬೇರೆ ಹೆಂಗಸರಿಗೆ ಕಾರಣ ತಿಳಿಯದಂತೆ ನೋಡಿಕೊಳ್ಳುವುದು.’ ನೀ ಕೆಳಗ ಇಳದ ಮ್ಯಾಲೂ ಮೀಟಿಂಗ ನಡದಿತ್ತಲೇ ಹುಚ್ಚಿ!”

“ನಿನ್ನ ಬಾಯಾಗ ಮಣ್ಣ ಬೀಳ್ಲಿ ಭಾಡ್ಯಾ,” ಎಂದಳು ಸುಲ್ತಾನಬಿ, ಯಾರಿಗೆ ಎಂದು ಹೇಳದೆ. ಭರತ ನಕ್ಕು, ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಸುಂದರಾ ಜರಡಿ ಕೆಳಗಿಟ್ಟು ಮೇಲೆ ಹೋದಳು. ಅಷ್ಟು ಸಿಟ್ಟಿನಲ್ಲೂ ಕಾಲು ತಾವಾಗಿಯೇ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟವು.

ಸೋನಾಲಿ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಎಲ್ಲ ಕೇಳಿದಳು. “ಲೀಕ್ ಆಗಿಲ್ಲ,” ಎಂದಳು. “ಸೆಟಿಂಗ್ ಬರೋಬರ ಐತಿ. ಜರಡಿ ವಿಭಾಗದ ಮೀಟಿಂಗಿಗೆ ವಿಭಾಗದ ಮುಖ್ಯಸ್ಥರ ಹೆಸರು ತಾನ ಸೇರತೈತಿ. ಭರತ ಸರ್ ಆ ಮೀಟಿಂಗಿನವರು.”

“ಅಂವ ಅವತ್ತ ಕೊಲ್ಲಾಪುರಕ್ಕ ಹೋಗಿದ್ನಲ್ರಿ!”

“ಬರದಿದ್ರೂ ಹೆಸರು ಇರತೈತಿ.”

“ನಂದು?”

“ನಿಂದೇನು?”

“ನಾ ಅಲ್ಲೇ ಇದ್ನೆಲ್ರಿ ಮೇಡಂ. ಮಾತಾಡಿದಾಕೀನ ನಾನು. ಏನ ಬರದೀರಿ ಅಂತ ನನಗೊಮ್ಮಿ ತೋರಸ್ರಿ.”

“ನಿನಗ ಕಂಪನಿ ಐಡಿ ಇಲ್ಲ. ಐಡಿ ಇಲ್ಲದವರಿಗೆ ತೋರಿಸಿದ್ರ ರೂಲ್ ಮುರದಂಗ ಆಗತೈತಿ. ಕಾನ್ಫಿಡೆನ್ಶಿಯಲ್ ಅಂದ್ರ ಕಾನ್ಫಿಡೆನ್ಶಿಯಲ್ ಅವ್ವಾ, ತಿಳಕೋ.”

ಸುಂದರಾ ಆ ಹುಡುಗಿಯ ಮುಖವನ್ನೇ ನೋಡಿದಳು. ಕುರಿ ಕಾಯಲು ತೋಳನನ್ನು ಕಳಿಸಿ, ಕುರಿಗೆ ಕಾಯಿದೆ ಹೇಳುವ ಮುಖ. ಕಣ್ಣಲ್ಲಿ ಕನಿಕರ ಕೂಡ ಇತ್ತು, ಹಾಳಾಗಿ ಹೋಗಲಿ.

“ಕೈ ಹಾಕಿದಾಂವ ಬರದಿದ್ರೂ ಇದ್ದಂಗ. ಹಾಕಿಸಿಕೊಂಡಾಕಿ ನಿಂತ ಮಾತಾಡಿದ್ರೂ ಇಲ್ಲದಂಗ. ಹಂಗಾರ ಅವತ್ತ ಮಾತಾಡಿದ್ದ ಯಾರ್ರಿ, ನನ್ನ ಚಪ್ಪಲೇನ? ಅವೂ ಕೆಳಗಿದ್ದೂವಲ್ರಿ!”

ಒಳಗಿನ ಬಾಗಿಲು ತೆರೆದು ಬಾಪುಸಾಹೇಬ ಇಣುಕಿದ. “ಅರೇ ದೇವಾ, ಏನದು ಗದ್ದಲಾ? ನಿನ್ನ ಮಾನಾ ಉಳೀಲಿ ಅಂತ ಬಿಡಸಾಕತ್ತೇವಿ. ಮಾತ ಊರಾಗ ಬೆಳದ್ರ ಹೊಲಸ ಯಾರಿಗಿ? ನಿನಗ. ಹೋಗ ಈಗ. ಝಾಡಿಸಿಕೊಳ್ಳದನ ಬಂದೀ, ಎಸಿ ಕೆಡತೈತಿ.”

ಅವನ ಮೈಯಿಂದ ಅತ್ತರಿನ ವಾಸನೆ ಬರುತ್ತಿತ್ತು. ಅವಳು ಇಳಿದು ಬಂದಳು.

ಹೆಂಗಸರು ಊಟಕ್ಕೆ ಕುಳಿತಿದ್ದರು. ಬುತ್ತಿ ಬಿಚ್ಚಿದ್ದರು, ಯಾರೂ ತಿನ್ನುತ್ತಿರಲಿಲ್ಲ. ಸುಂದರಾ ಬಂದು ಗೋಡೆಗೆ ಒರಗಿ ಕುಳಿತು, ಮೇಲೆ ಆದದ್ದನ್ನು ಆದಂತೆ ಹೇಳಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಹೋದದ್ದು ಹೋಗಿಯಾಗಿತ್ತು, ಇನ್ನು ಮುಚ್ಚಿಡಲು ಅವಳ ಹತ್ತಿರ ಏನೂ ಇರಲಿಲ್ಲ.

“ನನಗರ ಹೇಳಬೇಕಿಲ್ಲೇನಬೇ?” ಎಂದಳು ಸುಲ್ತಾನಬಿ.

“ನಾಚಿಕಿ ಬಂತಕ್ಕಾ.”

“ನಾಚಿಕಿ!” ಸುಲ್ತಾನಬಿ ರೊಟ್ಟಿಯನ್ನು ಬುತ್ತಿಗೆ ಎಸೆದಳು. “ನನ್ನ ಸೊಂಟಕ್ಕೂ ಕೈ ಹಾಕಿದ್ನಲೇ ಆ ಹಲ್ಕಟ್. ನಮ್ಮ ಮಗಳು ಅಲ್ಫಿಯಾನ ನಿಕಾ ಗೊತ್ತಾಗಿತ್ತು. ಬೀಗರ ಕಿವಿಗಿ ಬಿದ್ದೀತು ಅಂತ ಬಾಯಿ ಹೊಲಕೊಂಡ ಕುಂತ್ನಿ.”

ಬೇಡಕಿಹಾಳದಿಂದ ಬರುವ ತಾರವ್ವ, ಐವತ್ತು ದಾಟಿದ ಮುದುಕಿ, ತಲೆ ಎತ್ತದೆ ಅಂದಳು: “ನನ್ನೂ ಬಿಟ್ಟಿಲ್ಲವಾ ಅಂವ.” ಆಮೇಲೆ ಮೂಲೆಯಿಂದ ಇನ್ನೊಬ್ಬಳು. ಆಮೇಲೆ ಯಾರೋ ಅಳತೊಡಗಿದರು. ಬಾಪುಸಾಹೇಬನ ಆಪಿಗಿಂತ ಗಟ್ಟಿಯಾಗಿ ಅವರೆಲ್ಲ ಗುಟ್ಟು ಕಾಪಾಡಿದ್ದರು, ಅದರಿಂದ ಉಳಿದದ್ದು ಭರತನ ಮಾನ ಒಂದೇ. ಸುಂದರಾಳಿಗೆ ಅಳು ಬರಲಿಲ್ಲ. ಅವಳು ಎದ್ದು ನಿಂತಳು.

“ಮ್ಯಾಲ ಹೋಗೂನು ನಡೀರಿ.”

ಹೆಂಗಸರು ಎದ್ದರು. ತಾರವ್ವ ರೂಢಿಯಂತೆ ಬೇವಿನ ಗಿಡದ ಕಡೆ ತಿರುಗಿ ತಲೆಯ ಅರಿವಿಗೆ ಕೈ ಹಾಕಿದಳು.

“ಇಲ್ಲಿ ಬ್ಯಾಡ ಯವ್ವಾ,” ಎಂದಳು ಸುಂದರಾ. “ಇವತ್ತ ಯಾರೂ ಇಲ್ಲಿ ಝಾಡಿಸಬ್ಯಾಡ್ರಿ.”

ಚಪ್ಪಲಿ ಮೆಟ್ಟಿಕೊಂಡೇ ಮೆಟ್ಟಿಲು ಹತ್ತಿದರು. ಒಳಗೆ ಬಾಪುಸಾಹೇಬ ಚಹಾ ಕುಡಿಯುತ್ತಿದ್ದ, ಸೋನಾಲಿ ಏನೋ ತೋರಿಸುತ್ತಿದ್ದಳು. ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದು ಕುಳಿತರು. ಕುರ್ಚಿ ತುಂಬಿದ ಮೇಲೆ ಸೋಫಾ, ಸೋಫಾ ತುಂಬಿದ ಮೇಲೆ ನೆಲ. ಸುಂದರಾ ಗಾಲಿ ಕುರ್ಚಿಯಲ್ಲಿ ಕುಳಿತಳು. ಅದು ಹಿಂದಕ್ಕೆ ಓಡಿತು, ಮೇಜು ಹಿಡಿದು ನಿಲ್ಲಿಸಿಕೊಂಡಳು.

“ಏ! ಏನಲೇ ಇದು? ಏಳ್ರಿ! ಎಬ್ಬಸ್ರಿ ಇವರನ್ನ!”

ಎಬ್ಬಿಸುವವರು ಯಾರೂ ಇರಲಿಲ್ಲ. ಸುಲ್ತಾನಬಿ ತಲೆಯ ಅರಿವಿ ಬಿಚ್ಚಿ ಎರಡೂ ಕೈಯಿಂದ ಹಿಡಿದು ಫಟ್ ಎಂದು ಝಾಡಿಸಿದಳು. ಎಲ್ಲರೂ ಬಿಚ್ಚಿದರು. ಹಳದಿ ಧೂಳು ಎದ್ದಿತು, ಎಸಿಯ ಗಾಳಿ ಅದನ್ನು ಹೊತ್ತು ಮೂಲೆ ಮೂಲೆಗೂ ಹಂಚಿತು. ಬಾಪುಸಾಹೇಬ ಸೀನಿದ. ಮತ್ತೆ ಸೀನಿದ. ಮೂರು ತಲೆಮಾರು ತಂಬಾಕಿನ ಮೇಲೆ ಉಂಡ ಮನೆತನ, ಅದರ ಧೂಳು ಮೂಗಿಗೆ ಹೊಕ್ಕದ್ದು ಇದೇ ಮೊದಲು. ಕಣ್ಣು ಒರೆಸಿಕೊಳ್ಳುತ್ತ ಕಿಡಕಿಯ ಕಡೆ ಓಡಿದ. ಎಸಿ ಕೂರಿಸುವಾಗ ಕಿಡಕಿಗಳನ್ನೆಲ್ಲ ಮೊಳೆ ಬಡಿಸಿ ಮುಚ್ಚಿಸಿದ್ದವನೂ ಅವನೇ.

ಸೋನಾಲಿ ಮೊಬೈಲು ಎತ್ತಿಕೊಂಡಳು.

“ಅದನ್ನ ಮೇಜಿನ ಮ್ಯಾಲಿಡ್ರಿ ಮೇಡಂ,” ಎಂದಳು ಸುಂದರಾ. “ಚಾಲೂ ಮಾಡಿ ಇಡ್ರಿ.”

ಸೋನಾಲಿ ಬಾಪುಸಾಹೇಬನ ಕಡೆ ನೋಡಿದಳು. ಅವನು ಸೀನುತ್ತಿದ್ದ. ಮೊಬೈಲು ಮೇಜಿನ ನಡುವೆ ಬಂತು.

ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಭರತ ಬಾಗಿಲಲ್ಲಿ ನಿಂತು ಕೂಗಿದ: “ಇಳೀರಿ ಕೆಳಗ, ರಂಡೇರಾ! ಒಬ್ಬಾಕಿಗೂ ಹಾಜರಿ ಹಾಕಂಗಿಲ್ಲ!”

ಸುಂದರಾ ಎದ್ದು ಬಾಗಿಲಿಗೆ ಹೋದಳು. ಅವಳು ಒಮ್ಮೆಯೂ ಇಷ್ಟು ನೆಟ್ಟಗೆ ಅವನ ಕಣ್ಣನ್ನು ನೋಡಿರಲಿಲ್ಲ. ಅವನೇ ಒಂದು ಹೆಜ್ಜೆ ಹಿಂದೆ ಸರಿದ.

“ನೀ ಹೊರಗ ನಿಂದರಲೇ. ಇದು ಒಳಗ ಕುಂತವರ ಮೀಟಿಂಗ.”

ಬಾಗಿಲು ಮುಚ್ಚಿ ಅಗುಳಿ ಹಾಕಿದಳು. ಹೊರಗಿನಿಂದ ಅವನು ಬಡಿಯುತ್ತಿದ್ದ, ಬಡಿಯಲಿ. ಒಳಗೆ ತಾರವ್ವನ ಹಳೆಯ ಕೆಮ್ಮು ಎದ್ದಿತ್ತು. ಅದರ ಜೊತೆಗೆ ಬಾಪುಸಾಹೇಬನ ಹೊಸ ಕೆಮ್ಮು.

“ಕೆಮ್ಮಿದ್ದೂ ಬರಕೋತೈತೇನ್ರಿ ಮೇಡಂ ಇದು?”

ಸೋನಾಲಿ ಓಢಣಿಯಿಂದ ಬಾಯಿ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದಳು.

“ಬರಕೋಲಿ,” ಎಂದಳು ಸುಂದರಾ. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, ಮೊಬೈಲಿನ ಮೇಲೆ ಬಾಗಿ, ಮೊದಲು ತನ್ನ ಹೆಸರು ಹೇಳಿದಳು.