ಸಕ್ಕರೆ ಕಳೆದು ಉಳಿದದ್ದು

ತಮ್ಮನ ಕೈ ಮತ್ತೆ ನಡುಗುತ್ತಿದೆ ಎಂದು ಅಕ್ಕನಿಗೆ ಮೊದಲು ಹೇಳಿದ್ದು ಅವಳ ಕೋಟು. ಅಬಕಾರಿ ಇಲಾಖೆಯ ಪ್ರಯೋಗಾಲಯದಲ್ಲಿ ಅವಳು ಹಾಕಿಕೊಳ್ಳುವ ಬಿಳಿ ಕೋಟನ್ನು ಪ್ರತಿವರ್ಷ ಅವನೇ ಹೊಲಿದು ಕೊಡುತ್ತಿದ್ದ. ಊರಿನ ದೊಡ್ಡ ಟೈಲರ್ ಅಂಗಡಿಯ ಕಟಿಂಗ್ ಮಾಸ್ಟರ್ ಅವನು. ಕತ್ತರಿ ಹಿಡಿದರೆ ಸೀಮೆಸುಣ್ಣದ ಗೆರೆಯೇ ಬೇಡ ಎನ್ನುವಂಥವನು. ಈ ಸಲದ ಕೋಟಿನ ಎಡತೋಳು ಬಲತೋಳಿಗಿಂತ ಗಿಡ್ಡ. ಅಂಚಂತೂ ಇಲಿ ಕಡಿದ ಹಾಗಿತ್ತು.

"ಬಟ್ಟೆ ಕುಗ್ಗಿರಬೇಕು," ಎಂದ ತಮ್ಮ.

"ಒಂದೇ ತೋಳು ಕುಗ್ಗತ್ತೇನೋ?"

ಅವನು ನಗಲಿಲ್ಲ.

ಕುಡಿತ ಬಿಟ್ಟು ಮೂರು ವರ್ಷವಾಗಿತ್ತು. ಬಿಟ್ಟ ದಿನದಿಂದ ಅವನು ವೈನ್ ಶಾಪ್ ಇರುವ ಬೀದಿಗೆ ಕಾಲಿಟ್ಟವನಲ್ಲ. ಕೆಲಸಕ್ಕೆ ಹೋಗಲು ಅದೇ ಹತ್ತಿರದ ದಾರಿಯಾದರೂ ಹಳೇ ಗೋದಾಮು ಸುತ್ತಿ ಬಳಸಿ ಹೋಗುತ್ತಿದ್ದ. ಮಳೆ ಬಂದರೂ ಅಷ್ಟೇ. ಹೆಂಡತಿ ಬಿಟ್ಟುಹೋದಮೇಲೆ ಅಕ್ಕನ ಮನೆಯೇ ಅವನ ಮನೆ, ಮೂಲೆಯ ದಿನಸಿ ಅಂಗಡಿಯಿಂದ ಹಾಲು ತರುವುದು ಅವನ ಪಾಲಿನ ಕೆಲಸ. ದಿನಸಿ ಅಂಗಡಿಯಲ್ಲಿ ಏನು ಹೆದರಿಕೆ ಎಂದು ಅವಳೂ ನಿಶ್ಚಿಂತೆಯಿಂದಿದ್ದಳು.

ಅವನ ಕೋಣೆ ಹುಡುಕಿದಾಗ ಚಿಂದಿ ಬಟ್ಟೆಯ ಮೂಟೆಯ ಹಿಂದೆ ಕ್ಯಾನುಗಳು ಸಿಕ್ಕವು. ಮಕ್ಕಳ ಜ್ಯೂಸಿನ ಡಬ್ಬಿಗಳಂತೆ ಹಳದಿ, ಗುಲಾಬಿ ಬಣ್ಣ, ಮೇಲೆ ಹೆಚ್ಚಿದ ಹಣ್ಣಿನ ಚಿತ್ರ. ಕೆಳಗೆ ಅವಳದೇ ಕಚೇರಿಯ ಹಸಿರು ಮುದ್ರೆ: ಲಘು ಪಾನೀಯ, ಮದ್ಯ ಐದು ಪರ್ಸೆಂಟಿನ ಒಳಗೆ.

ಅವಳು ಅವುಗಳನ್ನು ಅವನ ಮುಂದಿಟ್ಟಳು. ಅವನು ನೆಲ ನೋಡಿದ.

"ಹಾಲಿನ ಪಕ್ಕದಲ್ಲೇ ಇಟ್ಟಿದ್ರು ಅಕ್ಕ. ನಿಮ್ಮ ಆಫೀಸಿನ ಸೀಲ್ ಇತ್ತು. ನೀನೇ ಅಳೆದಿರ್ತೀಯ, ಇದೇನ್ ಮಾಡತ್ತೆ ಅಂದ್ಕೊಂಡೆ."

ಅಳೆದಿದ್ದವಳು ಅವಳೇ. ಬೆರೆಸಿ, ಕ್ಯಾನಿಗೆ ತುಂಬಿ, ಮುಚ್ಚಳ ತೆಗೆದು ಕುಡಿಯುವುದೊಂದೇ ಬಾಕಿ ಎಂಬಂತೆ ಮಾರುವ ಈ ಮದ್ಯಗಳಿಗೆ ಸರ್ಕಾರ ಹೊಸ ನಿಯಮ ಮಾಡಿತ್ತು. ಐದರ ಒಳಗಿದ್ದರೆ ಬಿಯರಿನಷ್ಟೇ ತೆರಿಗೆ, ದಿನಸಿ ಅಂಗಡಿಯಲ್ಲೂ ಮಾರಬಹುದು. ಐದು ದಾಟಿತೋ, ಕಡುಮದ್ಯದ ತೆರಿಗೆ, ವೈನ್ ಶಾಪಿನ ಕಪಾಟು. ಪ್ರಯೋಗಾಲಯದಲ್ಲಿ ಕೂತವರ ಬಾಯಲ್ಲಿ ತೆರಿಗೆಯ ಮಾತು ಮಾತ್ರ. ಯಾವ ಅಂಗಡಿಯ ಕಪಾಟು ಎನ್ನುವುದು ಬೇರೆ ಮೇಜಿನವರ ತಲೆನೋವು.

ಮದ್ಯ ಅಳೆಯಬೇಕಾದರೆ ಮೊದಲು ಭಟ್ಟಿ ಇಳಿಸಬೇಕು. ಸಕ್ಕರೆ ಕೆಳಗೆ ಉಳಿಯುತ್ತದೆ, ಮದ್ಯ ಆವಿಯಾಗಿ ಆಚೆ ಬರುತ್ತದೆ. ಹಾಗೆ ಮಾಡದೆ ತೇಲುವ ಅಳತೆಯ ಗಾಜನ್ನು ನೇರ ಪಾನೀಯಕ್ಕೆ ಅದ್ದಿದರೆ ಮದ್ಯ ಅದನ್ನು ಮುಳುಗಿಸುತ್ತದೆ, ಸಕ್ಕರೆ ಎತ್ತಿ ತೇಲಿಸುತ್ತದೆ. ಒಂದರ ಗುಟ್ಟನ್ನು ಇನ್ನೊಂದು ಮುಚ್ಚುತ್ತದೆ. ಆದರೆ ಇವುಗಳ ಸ್ಯಾಂಪಲ್ ಬಂದ ವಾರ ಭಟ್ಟಿಯ ಗಾಜಿನ ಕೊಳವೆ ಒಡೆದಿತ್ತು, ಮೇಜಿನ ತುಂಬ ಕ್ಯಾನುಗಳು ಸಾಲುಗಟ್ಟಿದ್ದವು. ಇಂಥ ಹೊತ್ತಿಗೆಂದೇ ಪ್ರಯೋಗಾಲಯದಲ್ಲೊಂದು ಅಡ್ಡದಾರಿ ಇತ್ತು: ಇಷ್ಟು ಸಕ್ಕರೆ ಹಾಕಿದ್ದೇವೆ ಎಂದು ಕಂಪನಿಯವರು ಹೇಳಿದ್ದನ್ನೇ ನಂಬಿ, ಅಷ್ಟನ್ನು ಕಳೆದು, ಉಳಿದದ್ದರಿಂದ ಮದ್ಯದ ಲೆಕ್ಕ ಹಾಕುವುದು. ಎಲ್ಲರೂ ಮಾಡುತ್ತಿದ್ದರು. ಅವಳೂ ಮಾಡಿದಳು. ಕಂಪನಿಯವರು ಸಕ್ಕರೆ ಕಡಿಮೆ ಹೇಳಿದರೆ, ಹೇಳದ ಸಕ್ಕರೆ ಗಾಜನ್ನು ತೇಲಿಸಿ ಮದ್ಯವೂ ಕಡಿಮೆ ಕಾಣುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಹಗಲು ಕಂಡ ಬಾವಿಗೆ ಇರುಳು ಬಿದ್ದವರಲ್ಲಿ ಅವಳೇನು ಮೊದಲನೆಯವಳಲ್ಲ.

ಮರುದಿನ ತೆರೆಯದೆ ಉಳಿದಿದ್ದ ಕ್ಯಾನನ್ನು ಚೀಲದಲ್ಲಿಟ್ಟುಕೊಂಡು ಹೋದಳು. ಹೊಸ ಕೊಳವೆ ಬಂದಿತ್ತು. ಗ್ಯಾಸು ಹೋಗುವವರೆಗೆ ಕುಲುಕಿದಳು, ಭಟ್ಟಿಗೆ ಹಾಕಿದಳು, ತೊಟ್ಟು ತೊಟ್ಟಾಗಿ ಇಳಿಯುವುದನ್ನು ಕಾದು ಕುಳಿತಳು. ಅಳತೆ ಎಂಟರ ಹತ್ತಿರ ಬಂದು ನಿಂತಿತು. ಇನ್ನೊಮ್ಮೆ ಮಾಡಿದಳು. ಮತ್ತೆ ಅಷ್ಟೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ಬೈಯುವುದು?

ಲೆಕ್ಕ ಹಿಡಿದು ಮೇಲಧಿಕಾರಿಯ ಕೋಣೆಗೆ ಹೋದಳು. ಕಚೇರಿಯಲ್ಲಿ ಅವರಿಗೆ ಆಗ್ಲಿಸಾಹೇಬರು ಎಂದು ಅಡ್ಡಹೆಸರು. ಏನು ಹೇಳಿದರೂ 'ಆಗ್ಲಿ, ನೋಡೋಣ' ಅನ್ನುವವರು. ಈ ಸಲ ಹಾಗೆನ್ನಲಿಲ್ಲ. ಎದ್ದು ಬಾಗಿಲು ಮುಚ್ಚಿದರು.

"ಮುಂದಿನ ಸ್ಯಾಂಪಲ್ ಬಂದಾಗ ಸರಿ ಮಾಡೋಣಮ್ಮ. ಈಗ ಇದನ್ನ ಎತ್ತಿದ್ರೆ ಆ ವಾರದ ಕ್ಯಾನುಗಳೆಲ್ಲ ವಾಪಸ್ ತರಿಸ್ಬೇಕು. ಮೊದಲು ಹೋಗೋದು ನಿಮ್ಮ ಕೆಲಸ."

"ಗೊತ್ತು ಸರ್."

"ಮನೇಲಿ ದುಡಿಯೋರು?"

"ನಾನೊಬ್ಳೇ ಆಗ್ತೀನೇನೋ. ತಮ್ಮನ ಕೈ ನಡುಗ್ತಿದೆ."

ಅವರಿಗೆ ಅರ್ಥವಾಗಲಿಲ್ಲ. ಅವಳು ತನ್ನ ಮೇಜಿಗೆ ಮರಳಿದಳು. ಹೊಸ ವರದಿ ಬರೆದಳು, ಹಳೆಯದು ತಪ್ಪೆಂದು ಬರೆದಳು, ತಪ್ಪು ಮಾಡಿದ್ದು ತಾನೆಂದೂ ಬರೆದಳು. ಕೆಳಗೆ ಸಹಿ ಹಾಕಿದಳು. ಸಂಜೆಯೊಳಗೆ ಅವಳನ್ನು ಅಮಾನತು ಮಾಡಿದ ಆದೇಶ ಬಂತು. ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಬಿದ್ದಳು.

ತಮ್ಮ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು.

"ನಾನು ತಪ್ಪು ಅಳೆದೆ ಕಣೋ. ಅದು ಐದಲ್ಲ, ಎಂಟು. ನನ್ನಿಂದ ನೀನು ಕೆಟ್ಟೆ."

ಅವನು ಒಲೆ ಆರಿಸಿದ.

"ಎರಡನೇ ಕ್ಯಾನಿಗೇ ಗೊತ್ತಾಗಿತ್ತು ನಂಗೆ," ಎಂದ. "ನಿಮ್ಮ ಗಾಜಿಗೆ ಸಕ್ಕರೆ ಮೋಸ ಮಾಡಬಹುದು. ಹದಿನೈದು ವರ್ಷ ಕುಡಿದ ನಾಲಿಗೆಗೆ ಮಾಡತ್ತಾ?"

"ಗೊತ್ತಿದ್ದೂ ಯಾಕೆ ಕುಡಿದ್ಯೋ?"

"ನಿನ್ನ ಸೀಲ್ ಇತ್ತಲ್ಲ. ಅದರ ಹಿಂದೆ ಅವಿತುಕೊಂಡೆ."

ಅವಳು ಕುರ್ಚಿ ಎಳೆದು ಕೂತಳು. ಅವನ ಮೇಲೆ ಸಿಟ್ಟು, ತನ್ನ ಮೇಲೆ ಅದಕ್ಕಿಂತ ಸಿಟ್ಟು.

"ಹೋಗ್ಲಿ ಬಿಡು," ಎಂದಳು ಕೊನೆಗೆ. "ನಾಳೆಯಿಂದ ದಿನಸಿ ಅಂಗಡೀಲಿ ಅದು ಇರಲ್ಲ. ವೈನ್ ಶಾಪಲ್ಲಿ ಮಾತ್ರ."

ಅವನು ಹಾಲನ್ನು ಎರಡು ಲೋಟಕ್ಕೆ ಬಗ್ಗಿಸಿದ. ಅರ್ಧ ಕಟ್ಟೆಯ ಮೇಲೆ ಚೆಲ್ಲಿತು.

"ಬೆಳಿಗ್ಗೆ ನನ್ನ ಜೊತೆ ಟೈಲರ್ ಅಂಗಡಿವರೆಗೂ ಬರ್ತೀಯಾ ಅಕ್ಕ? ಇವತ್ತು ಗೋದಾಮು ಸುತ್ತಲಿಲ್ಲ ನಾನು. ವೈನ್ ಶಾಪ್ ಬೀದೀಲೇ ಬಂದೆ."