ಹದಿನೇಳರಿಂದ ಎಪ್ಪತ್ತೊಂದು

ದೊಡ್ಡ ಖಾಸಗಿ ವಿಶ್ವವಿದ್ಯಾಲಯವೊಂದರ ಗುಮಾಸ್ತೆ ಆ ವರ್ಷದ ಅಂಕಿಅಂಶಗಳ ಕರಪತ್ರ ಸಿದ್ಧಪಡಿಸುತ್ತಿದ್ದಳು. ವಿದ್ಯಾರ್ಥಿಗಳು ಮೂವತ್ತೊಂದು ಸಾವಿರ, ಪ್ರಯೋಗಾಲಯಗಳು ಇನ್ನೂರ ಹನ್ನೆರಡು, ಗ್ರಂಥಾಲಯದ ಪುಸ್ತಕಗಳು ಹದಿನೆಂಟು ಲಕ್ಷ. ಎಲ್ಲವೂ ತಾಳೆಯಾದವು. ಆದರೆ ಹೊಸದಾಗಿ ಸೇರಿದವರ ವಯಸ್ಸು ಹದಿನೇಳರಿಂದ ಎಪ್ಪತ್ತೊಂದು ಎಂದು ಕಂಪ್ಯೂಟರ್ ತೋರಿಸಿತು.

“ಯಾರೋ ಹದಿನೇಳನ್ನ ತಿರುಗಾಮುರುಗಾ ಬರೆದಿದಾರೆ, ತಿದ್ದಿಬಿಡಿ,” ಎಂದರು ಮೇಲಧಿಕಾರಿ.

ಅವಳಿಗೆ ಸಮಾಧಾನವಾಗಲಿಲ್ಲ. ಆ ದಾಖಲೆ ಯಾರದೆಂದು ಹುಡುಕಿ ನೇರವಾಗಿ ರಸಾಯನಶಾಸ್ತ್ರ ವಿಭಾಗಕ್ಕೆ ಹೋದಳು. ಮೊದಲ ವರ್ಷದ ತರಗತಿಯ ಮುಂದಿನ ಬೆಂಚಿನಲ್ಲಿ ಬಿಳಿತಲೆಯ ಅಜ್ಜನೊಬ್ಬ ಕೂತಿದ್ದ. ನಲವತ್ತು ವರ್ಷ ಇದೇ ವಿಭಾಗಕ್ಕೆ ಗಾಜು ಊದಿ ಫ್ಲಾಸ್ಕು, ಕೊಳವೆ ಮಾಡಿಕೊಟ್ಟು ನಿವೃತ್ತನಾದವನು.

“ತಪ್ಪೇನಿಲ್ಲಮ್ಮ, ನನಗೆ ಎಪ್ಪತ್ತೊಂದೇ,” ಎಂದು ಅಜ್ಜ ನಕ್ಕ. “ಇಷ್ಟು ವರ್ಷ ಪಾತ್ರೆ ಮಾಡಿಕೊಟ್ಟೆ. ಅದರೊಳಗೆ ಏನು ಕುದೀತಿತ್ತು ಅಂತ ಮಾತ್ರ ಗೊತ್ತಾಗಲೇ ಇಲ್ಲ.”

“ಮನೇಲಿ ಏನಂದ್ರು?”

“ಮೊಮ್ಮಗಳು ಇಲ್ಲೇ ಎರಡನೇ ವರ್ಷ. ಕಾಲೇಜಲ್ಲಿ ನಾನು ಅವಳನ್ನ ‘ಅಕ್ಕ’ ಅಂತ ಕರೀಬೇಕಂತೆ, ಸೀನಿಯರ್ ಅಲ್ವಾ!”

ಗುಮಾಸ್ತೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಜ್ಜನ ಜನನಪತ್ರದ ನಕಲು ಪಡೆದು ಮೇಲಧಿಕಾರಿಯ ಮುಂದಿಟ್ಟಳು. ಅವರು ಎರಡೆರಡು ಸಲ ಓದಿದರು. ಆಮೇಲೆ ವಯಸ್ಸಿನ ಆ ಸಾಲನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲು ತಾವೇ ಗುರುತು ಮಾಡಿದರು.

ಕರಪತ್ರ ಹೊರಬಿದ್ದ ವಾರವೆಲ್ಲ ಅವಳ ಮೇಜಿನ ಫೋನಿಗೆ ಬಿಡುವಿರಲಿಲ್ಲ. ಪ್ರಯೋಗಾಲಯಗಳ ಸಂಖ್ಯೆ ಯಾರಿಗೂ ಬೇಕಿರಲಿಲ್ಲ. ಮೊದಲು ಕರೆ ಮಾಡಿದ ಹೆಂಗಸು ಅರ್ಜಿ ಎಲ್ಲಿ ಸಿಗುತ್ತದೆಂದು ವಿಚಾರಿಸಿ, ಸ್ವಲ್ಪ ಅಳುಕುತ್ತಲೇ ಕೇಳಿದಳು:

“ನನಗಿನ್ನೂ ಅರವತ್ತಾರು ಕಣಮ್ಮ. ಚಿಕ್ಕವಳು ಅಂತ ಬೇಡ ಅನ್ನಲ್ಲ ತಾನೇ?”