ಉಗ್ಗಪ್ಪನ ಹುಣ್ಣು ಯಾಕೆ ಮಾಯಲಿಲ್ಲ?

ಎದೆಯುರಿ ಬಂದರೆ ಸಿಂಗಪುರದ ನಮ್ಮವರು ಡಾಕ್ಟರ ಹತ್ತಿರ ಹೋಗುತ್ತಾರೆಯೇ? ಊರಿಗೆ ಹೊರಟವರಿಗೆ ಹೇಳಿದರಾಯಿತು, ಸೂಟ್‌ಕೇಸಿನಲ್ಲಿ ಮಾತ್ರೆ ಬರುತ್ತದೆ. ಇಲ್ಲಿನ ಹೌಗಾಂಗ್ ಬಡಾವಣೆಯ ಹರಿಣಾಕ್ಷಿಯ ಮನೆಗೂ ಗಂಡ ಉಗ್ಗಪ್ಪನಿಗೆಂದು ಹಾಗೇ ಬರುತ್ತಿತ್ತು. ಅವನು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ೧೯೯೬ರ ಆ ದಿನ ಅವಳು ಅವನ ವರ್ಷಾಂತಕ್ಕೆಂದು ಉಡುಪಿಗೆ ಹೊರಡುವ ತಯಾರಿಯಲ್ಲಿದ್ದಳು.

ನಾದಿನಿ ಅನಸೂಯ ಟ್ಯಾಂಪಿನೀಸ್ ಬಡಾವಣೆಯಿಂದ ಬಂದಳು. "ಅತ್ತಿಗೆ, ಬರುವಾಗ ನನಗೂ ಆ ಗ್ಯಾಸ್ಟ್ರಿಕ್ ಮಾತ್ರೆ ತನ್ನಿ. ಅಣ್ಣ ತಿನ್ನುತ್ತಿದ್ದದ್ದೇ."

ಹರಿಣಾಕ್ಷಿ ಮಡಚುತ್ತಿದ್ದ ಸೀರೆಯನ್ನು ಬದಿಗಿಟ್ಟಳು. "ನಿನಗೆ ಎಂತ ಆಗಿದೆ?"

"ಎಂತದೂ ಇಲ್ಲ ಮಾರಾಯ್ರೆ. ಎದೆಯುರಿ, ಆಗಾಗ ಭೇದಿ. ಖಾರ ಜಾಸ್ತಿ ಆಯ್ತು, ಅಷ್ಟೆ."

"ಅವರೂ ಹಾಗೇ ಹೇಳ್ತಿದ್ದರು. ಖಾರದ ಕೋಳಿಸಾರಿನ ಕೋರಿ ರೊಟ್ಟಿ ಬಿಡಿಸಿದೆ, ಮೆಣಸು ಬಿಡಿಸಿದೆ. ಎಲ್ಲರೂ ನನ್ನ ಅಡುಗೆಗೇ ಬೈದರು. ಹುಣ್ಣು ಒಡೆದು ಆಪರೇಶನ್ ಆದ ಮೇಲೆ ಡಾಕ್ಟರು ಹೇಳಿದ್ದು, ಮೂಲ ಹೊಟ್ಟೆಯಲ್ಲಿ ಇಲ್ಲ ಅಂತ."

"ಮತ್ತೆಲ್ಲಿ?"

"ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಉಂಟಲ್ಲ, ಅಲ್ಲಿ ಸಣ್ಣ ಗಡ್ಡೆ. ಅದು ಒಂದು ಹಾರ್ಮೋನ್ ಸುರಿಸ್ತಾನೇ ಇರ್ತದಂತೆ. ಅದರಿಂದ ಹೊಟ್ಟೆಯ ಒಳಪದರ ದಪ್ಪ ಆಗ್ತದೆ, ಆಸಿಡ್ ಮಿತಿ ಮೀರ್ತದೆ. ಒಂದು ಹುಣ್ಣು ಮಾಯುವಷ್ಟರಲ್ಲಿ ಇನ್ನೊಂದು. ಆಸಿಡ್ ಕರುಳಿಗೆ ಇಳಿದರೆ ಭೇದಿ."

"ಅಣ್ಣನಿಗೆ ಬಂದರೆ ನನಗೂ ಬರಬೇಕಾ?"

"ಕೆಲವು ಮನೆಗಳಲ್ಲಿ ಒಡಹುಟ್ಟಿದವರಿಗೂ ಬರ್ತದಂತೆ. ಅಂಥವರಿಗೆ ಕಿಡ್ನಿ ಕಲ್ಲೂ ಆಗಬಹುದು. ಅವರಿಗೆ ಆಗಿತ್ತು."

ಅನಸೂಯಳ ಮುಖ ಇಳಿಯಿತು. "ನನಗೂ ಆಗಿತ್ತು ಅತ್ತಿಗೆ. ಆದರೂ ನೀವು ಹೋಗಿ ಬನ್ನಿ, ಆಮೇಲೆ ನೋಡುವ."

"ಆಮೇಲೆ ಅಂತಲೇ ಅವರೂ ಹೇಳಿದ್ದು. ಮಾತ್ರೆಯಿಂದ ನೋವು ಅಡಗಿತು, ರೋಗ ಬೆಳೆಯಿತು. ಗಡ್ಡೆ ಗೊತ್ತಾಗುವಾಗ ತಡ ಆಗಿತ್ತು, ಅವರು ಉಳಿಯಲಿಲ್ಲ. ಎಷ್ಟು ತಿಂತಾರೆ ಅಂತ ಯಾವ ಡಾಕ್ಟರಿಗೂ ಹೇಳಲಿಲ್ಲ. ಸತ್ತವರಿಗೆ ಪಿಂಡ ಇಡಲಿಕ್ಕೆ ಊರಲ್ಲಿ ಜನ ಉಂಟು. ನಿನ್ನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗುವವರು ಯಾರು?"

ಹರಿಣಾಕ್ಷಿ ಊರಿಗೆ ಹೋಗಲಿಲ್ಲ. ಅನಸೂಯ ಪರೀಕ್ಷೆ ಮಾಡಿಸಿಕೊಂಡಳು. ಅವಳಲ್ಲೂ ಗಡ್ಡೆ ಇತ್ತು, ಇನ್ನೂ ಚಿಕ್ಕದು. ಆಸಿಡ್ ತಗ್ಗಿಸುವ ಸರಿಯಾದ ಔಷಧಿ ಶುರುವಾಯಿತು. ಆಪರೇಶನ್‌ಗೂ ದಿನ ಗೊತ್ತಾಯಿತು. ಬದುಕುತ್ತಾಳೆ ಎಂದು ಡಾಕ್ಟರು ಹೇಳಿದಾಗ ಹರಿಣಾಕ್ಷಿ ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಗಂಡನಿಗಾಗಿ ಅತ್ತಳು. ಇಷ್ಟೇ ಸಾಕಿತ್ತಲ್ಲ ಅವರಿಗೂ, ಎಂದು ಅತ್ತಳು.

ಓದುಗರೇ, ಈ ಗಡ್ಡೆ ಬಲು ಅಪರೂಪ. ಎದೆಯುರಿ ಎಂದ ಕೂಡಲೇ ಹೆದರಬೇಡಿ. ಆದರೆ ಹೊಟ್ಟೆಹುಣ್ಣು ಮರುಕಳಿಸುತ್ತಿದ್ದರೆ, ಜತೆಗೆ ಭೇದಿಯಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಹೀಗಿದ್ದರೆ ಡಾಕ್ಟರಿಗೆ ತೋರಿಸಿ. ಏನೇನು ನುಂಗುತ್ತಿದ್ದೀರಿ ಎಂದು ಬಾಯಿಬಿಟ್ಟು ಹೇಳಿ. ಅವರನ್ನು ಕೇಳದೆ ಮಾತ್ರೆ ನಿಲ್ಲಿಸಲೂಬೇಡಿ. ಉಗ್ಗಪ್ಪ ಹೇಳಲಿಲ್ಲ. ನೀವು ಹೇಳಿ.